ಆಟಗಾರನ ಮೊದಲ ವರ್ಷಗಳು: ತಪ್ಪು ಕಲ್ಪನೆ ಮತ್ತು ಸತ್ಯ

ವೃತ್ತಿ ಆಟಗಾರನ ಮೊದಲ ಕೆಲವು ವರ್ಷ ಏರಿಳಿತದವು. ಆಯ್ಕೆ, ಗಾಯ, ಕೈಬಿಡುವಿಕೆ, ಮರುಪ್ರವೇಶ ಒಂದರ ಬೆನ್ನಿಗೊಂದು ಬರುತ್ತವೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಕ್ರಿಕೆಟ್‌ ಹಿಡಿದ ಮಕ್ಕಳ ಬಗ್ಗೆ ಮನೆಯವರು ನಿರ್ಧಾರಕ್ಕೆ ಬರುವುದೂ ಇದೇ ವರ್ಷಗಳಲ್ಲಿ. ಆ ನಿರ್ಧಾರಗಳ ಹಿಂದಿರುವ ಕೆಲವು ನಂಬಿಕೆಗಳು ನಿಜವಲ್ಲ. 1970ರಲ್ಲಿ ಗದಗಿನಲ್ಲಿ ಹುಟ್ಟಿ, ಭಾರತಕ್ಕಾಗಿ 15 ಟೆಸ್ಟ್‌ ಮತ್ತು 69 ಏಕದಿನ ಪಂದ್ಯ ಆಡಿದ ಎಡಗೈ ಸ್ಪಿನ್ನರ್‌ ಸುನಿಲ್‌ ಜೋಶಿ ಅವರ ವೃತ್ತಿಜೀವನ ಇದಕ್ಕೆ ಹತ್ತಿರದ ಸಾಕ್ಷಿ.

ನಂಬಿಕೆ 1: ಬೆಂಗಳೂರಿನ ಹುಡುಗರಿಗಷ್ಟೇ ರಾಜ್ಯ ತಂಡ.

ಸತ್ಯ: ದೂರ ಅಡ್ಡಿಯೇ ಹೌದು, ಆದರೆ ದಾಟಲಾಗದ ಗೋಡೆಯಲ್ಲ. ಜೋಶಿ ಬಾಲ್ಯದಲ್ಲಿ ನಸುಕಿನಲ್ಲೇ ಗದಗ ಬಿಟ್ಟು ಸುಮಾರು 60 ಕಿಲೋಮೀಟರ್‌ ದೂರದ ಹುಬ್ಬಳ್ಳಿಯಲ್ಲಿ ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. 1992–93ರಲ್ಲಿ ಕರ್ನಾಟಕದ ಪರ ಪ್ರಥಮ ದರ್ಜೆ ಕ್ರಿಕೆಟ್‌ಗೆ ಕಾಲಿಟ್ಟರು. ಸವದತ್ತಿಯಿಂದ ಧಾರವಾಡಕ್ಕಿರುವ ದೂರ ಇದಕ್ಕಿಂತ ಕಡಿಮೆ, ಸುಮಾರು 40 ಕಿಲೋಮೀಟರ್‌. ಬೆಳಗಾವಿಯವರೇ ಆದ ವೇಗಿ ರೋನಿತ್‌ ಮೋರೆ ಕೂಡ ರಾಜ್ಯ ತಂಡ ಸೇರಿದರು. 2018ರ ನವೆಂಬರಿನಲ್ಲಿ ಮುಂಬೈ ವಿರುದ್ಧದ ರಣಜಿ ಪಂದ್ಯದ ಒಂದು ಇನಿಂಗ್ಸ್‌ನಲ್ಲಿ ತವರು ನೆಲದಲ್ಲೇ 5 ವಿಕೆಟ್‌ ಪಡೆದರು.

ನಂಬಿಕೆ 2: ನಿಜವಾದ ಪ್ರತಿಭೆ ಮೊದಲ ವರ್ಷವೇ ಮೇಲೇಳುತ್ತದೆ.

ಸತ್ಯ: ಜೋಶಿ ದೇಶದ ಕಣ್ಣಿಗೆ ಬಿದ್ದದ್ದು ನಾಲ್ಕನೆಯ ಋತುವಿನಲ್ಲಿ. ಕರ್ನಾಟಕ ರಣಜಿ ಟ್ರೋಫಿ ಗೆದ್ದ 1995–96ರಲ್ಲಿ ಅವರು 52 ವಿಕೆಟ್‌ ಪಡೆದು, 529 ರನ್‌ ಗಳಿಸಿದರು. ಒಂದೇ ರಣಜಿ ಋತುವಿನಲ್ಲಿ 500 ರನ್‌ ಹಾಗೂ 50 ವಿಕೆಟ್‌ ದಾಟುವುದು ಅಪರೂಪದ ಸಾಧನೆ. ಭಾರತ ತಂಡದ ಕರೆ ಬಂದದ್ದು ಆ ಮೇಲೆ.

ನಂಬಿಕೆ 3: ಮೊದಲ ಪಂದ್ಯ ಕೈಕೊಟ್ಟರೆ ಮುಂದಿನ ದಾರಿ ಮುಚ್ಚಿದಂತೆ.

ಸತ್ಯ: 1996ರ ಜೂನ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಡಿದ ಮೊದಲ ಟೆಸ್ಟ್‌ನಲ್ಲೇ ಜೋಶಿ ಬೆರಳಿಗೆ ಪೆಟ್ಟು ಮಾಡಿಕೊಂಡರು. ಲಾರ್ಡ್ಸ್‌ನ ಮುಂದಿನ ಟೆಸ್ಟ್‌ಗೆ ಅವರೂ ಸಂಜಯ್‌ ಮಾಂಜ್ರೇಕರ್‌ ಅವರೂ ಇರಲಿಲ್ಲ. ಅವರಿಬ್ಬರ ಜಾಗದಲ್ಲಿ ಸೌರವ್‌ ಗಂಗೂಲಿ ಮತ್ತು ರಾಹುಲ್‌ ದ್ರಾವಿಡ್‌ ಪದಾರ್ಪಣೆ ಮಾಡಿದರು. ಇಂಥ ಆರಂಭದ ನಂತರವೂ ಜೋಶಿ ಅದೇ ವರ್ಷ ಭಾರತ ತಂಡಕ್ಕೆ ಮರಳಿದರು.

ಬೇರೆ ದೇಶದ, ಬೇರೆ ಆಟದ ಅನುಭವವೂ ಇದೇ. ಬೇಸ್‌ಬಾಲ್‌ನಲ್ಲಿ ಮೈದಾನದ ಹೊರವಲಯ ಕಾಯುವವರನ್ನು ಔಟ್‌ಫೀಲ್ಡರ್‌ ಎನ್ನುತ್ತಾರೆ. ಆ ಸ್ಥಾನದ ಮಹಾನ್‌ ಆಟಗಾರರಲ್ಲಿ ಒಬ್ಬರಾದ ವಿಲ್ಲಿ ಮೇಸ್‌ 1951ರಲ್ಲಿ ನ್ಯೂಯಾರ್ಕ್‌ ಜೈಂಟ್ಸ್‌ ಸೇರಿದಾಗ ಮೊದಲ 12 ಬ್ಯಾಟಿಂಗ್‌ ಅವಕಾಶಗಳಲ್ಲಿ ಒಂದೂ ಹಿಟ್‌ ಹೊಡೆಯಲಿಲ್ಲ. ಮ್ಯಾನೇಜರ್‌ ಲಿಯೋ ಡುರೋಷರ್‌ ಅವರನ್ನು ಕೈಬಿಡಲಿಲ್ಲ. ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಮೇಸ್‌ ಅವರಿಗೇ ಸಂದಿತು. ನಾಲ್ಕಾರು ಇನಿಂಗ್ಸ್‌ ನೋಡಿ ಆಟಗಾರನನ್ನು ಅಳೆಯುವುದು ಒಂದು ಮಳೆ ನೋಡಿ ಇಡೀ ಹಿಂಗಾರಿನ ಫಸಲು ಲೆಕ್ಕ ಹಾಕಿದಂತೆ.

ನಂಬಿಕೆ 4: ಒಮ್ಮೆ ಮಿಂಚಿದರೆ ಸ್ಥಾನ ಕಾಯಂ.

ಸತ್ಯ: 1999ರ ಸೆಪ್ಟೆಂಬರ್‌ 26ರಂದು ನೈರೋಬಿಯಲ್ಲಿ ಜೋಶಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್‌ಗಳಲ್ಲಿ 6 ಮೇಡನ್‌ ಎಸೆದು, ಬರೀ 6 ರನ್‌ ಕೊಟ್ಟು 5 ವಿಕೆಟ್‌ ಕಿತ್ತರು. ಎದುರಾಳಿ ತಂಡ 117ಕ್ಕೆ ಕುಸಿಯಿತು. 2000ದ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ಆಡಿದ ಚೊಚ್ಚಲ ಟೆಸ್ಟ್‌ನಲ್ಲಿ 8 ವಿಕೆಟ್‌ ಪಡೆದು, 92 ರನ್‌ ಹೊಡೆದು ಪಂದ್ಯಶ್ರೇಷ್ಠರಾದರು. ಆದರೂ ಆ ವರ್ಷ ಮುಗಿದ ಮೇಲೆ ಅವರಿಗೆ ಮತ್ತೊಂದು ಟೆಸ್ಟ್‌ ಸಿಗಲಿಲ್ಲ. ಸ್ಪಿನ್‌ ವಿಭಾಗದಲ್ಲಿ ಅನಿಲ್‌ ಕುಂಬ್ಳೆ ಗಟ್ಟಿಯಾಗಿ ನೆಲೆಯೂರಿದ್ದರು, 2001ರಲ್ಲಿ ಹರಭಜನ್‌ ಸಿಂಗ್‌ ಮೇಲೆದ್ದು ನಿಂತರು. ತಂಡದಲ್ಲಿ ಉಳಿಯುವುದು ಆಟಗಾರನ ಸಾಮರ್ಥ್ಯವೊಂದನ್ನೇ ಅವಲಂಬಿಸಿಲ್ಲ. ಅದೇ ಕಾಲಕ್ಕೆ ಅದೇ ಕೆಲಸಕ್ಕೆ ಬೇರೆ ಯಾರಿದ್ದಾರೆ ಎಂಬುದೂ ಮುಖ್ಯ.

ನಂಬಿಕೆ 5: ದೇಶದ ತಂಡದಿಂದ ಹೊರಬಿದ್ದರೆ ಆಟದ ಬದುಕೇ ಮುಗಿಯಿತು.

ಸತ್ಯ: ಜೋಶಿ ಆ ನಂತರವೂ ದೇಶಿ ಕ್ರಿಕೆಟ್‌ ಆಡುತ್ತಲೇ ಹೋದರು. 160 ಪ್ರಥಮ ದರ್ಜೆ ಪಂದ್ಯಗಳಲ್ಲಿ 615 ವಿಕೆಟ್‌, 5,000ಕ್ಕೂ ಹೆಚ್ಚು ರನ್‌ ಅವರ ಹೆಸರಿನಲ್ಲಿವೆ. 2012ರಲ್ಲಿ ನಿವೃತ್ತರಾದ ಮೇಲೆ ತರಬೇತಿಗೆ ಹೊರಳಿ, ಬಾಂಗ್ಲಾದೇಶ ತಂಡಕ್ಕೆ ಸ್ಪಿನ್‌ ಮಾರ್ಗದರ್ಶಕರಾದರು. 2020ರ ಮಾರ್ಚ್‌ನಲ್ಲಿ ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾದರು.

ಹೀಗಾಗಿ ಹದಿನೆಂಟು–ಇಪ್ಪತ್ತರ ಆಟಗಾರನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಮೊನ್ನೆಯ ಪಂದ್ಯದ ರನ್ನಿನದಲ್ಲ. ಅಭ್ಯಾಸ ತಪ್ಪದೆ ನಡೆದಿದೆಯೇ, ಗಾಯ ಪೂರ್ತಿ ಮಾಗಿದೆಯೇ, ಋತುವಿನಿಂದ ಋತುವಿಗೆ ಆಟ ಸುಧಾರಿಸುತ್ತಿದೆಯೇ ಎಂಬುದನ್ನು ನೋಡಬೇಕು. ಇವು ಸರಿಯಿದ್ದರೆ ಆಯ್ಕೆ ತಡವಾದ ಮಾತ್ರಕ್ಕೆ ಆಟ ಬಿಡಿಸಲು ಕಾರಣವಿಲ್ಲ.