ಒಂದು ಸೆಮಿಸ್ಟರ್ ಮಲೇಷ್ಯಾದಲ್ಲಿ: ಮಕ್ಕಳ ಕನ್ನಡಕ್ಕೇನು ಲಾಭ?

ಯೂನಿವರ್ಸಿಟಿ ಸೇರಿ ಒಂದೆರಡು ವರ್ಷವಾದ ಮಗಳು ಒಂದು ದಿನ ‘ಅಮ್ಮಾ, ಒಂದು ಸೆಮಿಸ್ಟರ್ ಬೇರೆ ದೇಶದಲ್ಲಿ ಓದಿ ಬರ್ತೀನಿ’ ಎನ್ನುತ್ತಾಳೆ. ತಕ್ಷಣ ನಮ್ಮ ತಲೆಯಲ್ಲಿ ಲೆಕ್ಕ ಶುರುವಾಗುತ್ತದೆ. ಖರ್ಚೆಷ್ಟು? ಊಟಕ್ಕೇನು? ಓದು ಹಿಂದೆ ಬೀಳುವುದಿಲ್ಲವೇ? ಈ ಲೆಕ್ಕವೂ ಬೇಕು. ಆದರೆ ಮಕ್ಕಳನ್ನು ಎರಡು ಭಾಷೆಗಳಲ್ಲಿ ಬೆಳೆಸುತ್ತಿರುವ ನಾವು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಈ ಕೆಲವು ತಿಂಗಳು ಅವಳ ಮನೆಮಾತಿಗೆ ಏನು ಮಾಡುತ್ತವೆ? ಮಲೇಷ್ಯಾವನ್ನು ಉದಾಹರಣೆಯಾಗಿ ನೋಡೋಣ.

ಮೂರು ಭಾಷೆ ಅಲ್ಲಿ ಮಾಮೂಲು

ಹೊರದೇಶದಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಗೆಳೆಯರ ಎದುರು ಅಜ್ಜಿಯ ಫೋನ್ ಬಂದರೆ ಸಂಕೋಚ. ಮನೆಮಾತು ತನಗೊಬ್ಬಳಿಗೇ ಇರುವ ವಿಚಿತ್ರ ಎಂಬ ಭಾವನೆ.

ಮಲೇಷ್ಯಾದಲ್ಲಿ ಈ ಭಾವನೆ ಹೆಚ್ಚು ದಿನ ನಿಲ್ಲುವುದಿಲ್ಲ. ಪಕ್ಕದಲ್ಲಿ ಕೂತ ಸಹಪಾಠಿ ಅಮ್ಮನ ಜೊತೆ ಕ್ಯಾಂಟನೀಸ್ ಅಥವಾ ತಮಿಳು, ಅಂಗಡಿಯಲ್ಲಿ ಮಲಯ, ತರಗತಿಯಲ್ಲಿ ಇಂಗ್ಲಿಷ್ ಆಡುವುದು ಅಲ್ಲಿ ದಿನನಿತ್ಯದ ಮಾತು. ಚೀನೀ ಮತ್ತು ತಮಿಳು ಮಾಧ್ಯಮದ ಪ್ರಾಥಮಿಕ ಶಾಲೆಗಳಿಗೆ ಸರ್ಕಾರವೇ ನೆರವು ಕೊಡುತ್ತದೆ. ಮಲಯ ಭಾಷೆಯಲ್ಲೂ ನಮ್ಮ ಕಿವಿಗೆ ಪರಿಚಿತ ಶಬ್ದಗಳು ಸಿಗುತ್ತವೆ. ಭಾಷೆಗೆ ‘ಬಹಾಸ’, ಹಾಸ್ಟೆಲಿಗೆ ‘ಅಸ್ರಾಮ’, ಯೂನಿವರ್ಸಿಟಿ ವಿದ್ಯಾರ್ಥಿಗೆ ‘ಮಹಾಸಿಸ್ವ’. ನಮ್ಮ ‘ಆಶ್ರಮ’, ‘ಶಿಷ್ಯ’ ಪದಗಳು ಕೂಡ ಸಂಸ್ಕೃತದಿಂದ ಬಂದವೇ. ಇದನ್ನು ಗುರುತಿಸಿದ ಮಗುವಿಗೆ ಕನ್ನಡ ಗೊತ್ತಿರುವುದು ಲಾಭವೆಂದು ನಾವು ಹೇಳಿಕೊಡಬೇಕಾಗಿಲ್ಲ.

ಹೋಗುವ ದಾರಿ

ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯ 1998ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ 2000ದಲ್ಲಿ ಮಲೇಷ್ಯಾದಲ್ಲಿ ಕ್ಯಾಂಪಸ್ ತೆರೆದವು. ಹಾಗಾಗಿ ಮೆಲ್ಬರ್ನ್ ಅಥವಾ ನಾಟಿಂಗ್‌ಹ್ಯಾಮಿನಲ್ಲಿ ಓದುತ್ತಿರುವವರು ಅದೇ ವಿಶ್ವವಿದ್ಯಾಲಯದ ಮಲೇಷ್ಯಾ ಕ್ಯಾಂಪಸ್ಸಿನಲ್ಲಿ ಒಂದು ಸೆಮಿಸ್ಟರ್ ಕಳೆಯುವ ಅವಕಾಶವಿದೆ.

ಎದುರು ದಿಕ್ಕಿನ ದಾರಿ ನಮ್ಮೂರಿಗೇ ಬರುತ್ತದೆ. 1997ರಲ್ಲಿ ಶುರುವಾದ ಮೆಲಾಕಾ ಮಣಿಪಾಲ ಮೆಡಿಕಲ್ ಕಾಲೇಜಿನ ಎಂಬಿಬಿಎಸ್ ವಿದ್ಯಾರ್ಥಿಗಳು ಮೊದಲರ್ಧವನ್ನು ಮಣಿಪಾಲದಲ್ಲಿ, ಉಳಿದರ್ಧವನ್ನು ಮಲೇಷ್ಯಾದಲ್ಲಿ ಓದುವ ಏರ್ಪಾಡಿತ್ತು. ಅದು ಒಂದು ಸೆಮಿಸ್ಟರಿಗಿಂತ ಬಹಳ ದೀರ್ಘ, ನಿಜ. ಆದರೂ ಮಲೇಷ್ಯಾದ ಮಕ್ಕಳು ಓದಲು ಕರ್ನಾಟಕಕ್ಕೆ ಬಂದಿದ್ದಾರೆ ಎಂಬುದು ನಮ್ಮ ಮಕ್ಕಳಿಗೂ ಗೊತ್ತಿರಲಿ. ಅವರಿಗೆ ಕರ್ನಾಟಕವೆಂದರೆ ಬೇಸಿಗೆ ರಜೆ, ನೆಂಟರ ಮನೆ ಮಾತ್ರ.

ಎಷ್ಟು ದಿನ? ಯಾರ ಜೊತೆ?

ಯುರೋಪಿನಲ್ಲಿ 1987ರಲ್ಲಿ ಆರಂಭವಾದ ಎರಾಸ್ಮಸ್ ಯೋಜನೆಯಲ್ಲಿ ಈಗ 5ರಿಂದ 30 ದಿನಗಳ ಪ್ರವಾಸವನ್ನು ಆನ್‌ಲೈನ್ ಪಾಠದೊಂದಿಗೆ ಸೇರಿಸುವ ವ್ಯವಸ್ಥೆಯೂ ಇದೆ. ಹೆಚ್ಚು ದಿನ ಮನೆ ಬಿಟ್ಟಿರಲಾಗದವರಿಗೂ ಇದರಿಂದ ಬಾಗಿಲು ತೆರೆದಿದೆ. ಆದರೆ ನಾಲ್ಕು ತಿಂಗಳು ಹೋಗಿಯೂ ತಮ್ಮ ದೇಶದ ಗುಂಪಿನಲ್ಲೇ ಉಂಡು, ತಿರುಗಿ, ಮಲಗಿದರೆ ಸಿಗುವುದು ಫೋಟೋಗಳು ಮಾತ್ರ. ಸ್ಥಳೀಯರ ಜೊತೆ ಕೋಣೆ ಹಂಚಿಕೊಂಡರೆ ಮೂರೇ ವಾರದಲ್ಲೂ ಮಾತು ಬೆಳೆಯುತ್ತದೆ. ಬಟ್ಟೆ ಒಗೆಯುವುದು, ತಿಂಗಳ ಹಣ ತೂಗಿಸುವುದು, ಜ್ವರ ಬಂದರೆ ತಾನೇ ಡಾಕ್ಟರ ಬಳಿ ಹೋಗುವುದು ಕೂಡ ಕಲಿಕೆಯೇ.

ಒಪ್ಪುವ ಮುನ್ನ ಕೇಳಿ

* ಅಲ್ಲಿ ಓದಿದ ವಿಷಯಗಳ ಕ್ರೆಡಿಟ್ ಇಲ್ಲಿ ಸೇರುತ್ತದೆಯೇ? ಹೊರಡುವ ಮೊದಲೇ ಬರಹದಲ್ಲಿ ಪಡೆಯಿರಿ.
* ಶುಲ್ಕ ಯಾವ ಕ್ಯಾಂಪಸ್ಸಿಗೆ? ವೀಸಾ, ಆರೋಗ್ಯ ವಿಮೆ, ವಸತಿ ಅದರಲ್ಲಿ ಸೇರಿವೆಯೇ?
* ಕೋಣೆಯಲ್ಲಿ ಜೊತೆಗಿರುವವರು ಯಾರು? ಸ್ಥಳೀಯ ಭಾಷೆಯ ತರಗತಿ ಇದೆಯೇ?
* ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?

ಮನೆಯಲ್ಲಿ ನಮ್ಮ ಪಾಲು

ದಿನಕ್ಕೆ ಐದು ಸಲ ‘ಊಟ ಆಯ್ತಾ?’ ಎಂದು ಕೇಳಿದರೆ ಉತ್ತರ ‘ಹೂಂ’ ಎಂದಷ್ಟೇ ಬರುತ್ತದೆ. ಅದರ ಬದಲು ವಾರಕ್ಕೊಮ್ಮೆ ಅಜ್ಜ ಅಜ್ಜಿಗೆ ಎರಡು ನಿಮಿಷದ ಧ್ವನಿ ಸಂದೇಶ ಕಳಿಸಲು ಹೇಳಿ. ಹೊಸದಾಗಿ ಕಂಡದ್ದನ್ನು ಕನ್ನಡದಲ್ಲೇ ಹೇಳಲಿ, ಪದ ಸಿಗದಿದ್ದರೆ ಇಂಗ್ಲಿಷ್ ಬೆರೆಸಲಿ, ತಿದ್ದಬೇಡಿ. ಮನೆಯಲ್ಲಿ ಅವಳ ಕನ್ನಡ ಊಟ, ನಿದ್ದೆ, ಹೋಮ್‌ವರ್ಕಿನ ಸುತ್ತಲೇ ಇತ್ತು. ಈಗ ಅಪ್ಪ ಅಮ್ಮ ನೋಡದ ಊರನ್ನು ಅವಳೇ ಅವರಿಗೆ ವಿವರಿಸಬೇಕು. ದೊಡ್ಡವರ ಕನ್ನಡ ಬೆಳೆಯುವುದು ಅಲ್ಲಿಂದ.