ಕಡಲು ಒಯ್ದ ಮರಳು

ಬೇಸಗೆಯ ರಜೆಯಲ್ಲಿ ಊರಿಗೆ ಬರುವ ಹಳೆಯ ವಿದ್ಯಾರ್ಥಿನಿಯರು ಉಳ್ಳಾಲದ ಕಡೆಗೆ ತಿರುಗಾಡಲು ಹೋದರೆ, "ನಾವು ಆಡುತ್ತಿದ್ದ ಮರಳದಿಣ್ಣೆ ಏನಾಯಿತು?" ಎಂದು ಕೇಳದೆ ಇರುವುದಿಲ್ಲ. ಕಡಲು ಮುಂದೆ ಬಂತೆಂದು ಉತ್ತರ ಕೊಟ್ಟು ನಾವು ಸುಮ್ಮನಾಗುತ್ತೇವೆ. ಉತ್ತರವು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಕಡಲು ವರುಷ ವರುಷವೂ ಮುಂದೆ ಬಂದು ಹಿಂದೆ ಸರಿಯುತ್ತದೆ. ಅದು ಒಯ್ದದ್ದನ್ನು ಕೆಲವು ಕಡೆಗಳಲ್ಲಿ ಏಕೆ ತಿರುಗಿ ತರುತ್ತಿಲ್ಲವೆಂಬುದೇ ವಿಚಾರಿಸತಕ್ಕ ಸಂಗತಿ.

ನಮ್ಮ ಕರಾವಳಿಯಲ್ಲಿ ಅಲುಗದ ಭಾಗಗಳೂ ಉಂಟು. ಮಲ್ಪೆಯ ಎದುರಿಗಿರುವ ಸೇಂಟ್ ಮೇರಿ ದ್ವೀಪಗಳಲ್ಲಿ ಕಾಣುವ ಆರು ಮೂಲೆಯ ಕಲ್ಲುಕಂಬಗಳು, ಭಾರತವು ಮಡಗಾಸ್ಕರದಿಂದ ಅಗಲಿದ ಕಾಲದಲ್ಲಿ, ಎಂದರೆ ಸುಮಾರು 8.8 ಕೋಟಿ ವರುಷಗಳ ಹಿಂದೆ ಉಕ್ಕಿದ ಲಾವಾರಸವು ತಣಿದು ಬಿರಿದುದರಿಂದ ಆದವುಗಳು. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭವೂ ಬಂಡೆಯ ಮೇಲೆಯೇ ನಿಂತಿದೆ. ಇಂಥಲ್ಲಿ ತೆರೆಗಳು ಎಷ್ಟು ಅಬ್ಬರಿಸಿದರೂ ಮನುಷ್ಯನ ಆಯುಷ್ಯದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣದು. ಬದಲಾಗುವುದು ಬಂಡೆಗಳ ನಡುವಣ ಮರಳು.

ಜೂನ್ ತಿಂಗಳಲ್ಲಿ ಪಡುವಣ ಗಾಳಿ ಬಲಿತಾಗ ತೆರೆಗಳು ಎತ್ತರವಾಗಿ, ಒಂದರ ಹಿಂದೊಂದು ಎಡೆಬಿಡದೆ ಬಂದು ಬೀಳುತ್ತವೆ. ಒಂದು ತೆರೆಯ ನೀರು ಮರಳೊಳಗೆ ಇಂಗುವ ಮೊದಲೇ ಮತ್ತೊಂದು ಬರುವುದರಿಂದ, ಹಿಂದಿರುಗುವ ನೀರು ದಡದ ಮರಳನ್ನು ಎಳೆದುಕೊಂಡು ಹೋಗುತ್ತದೆ. ಆ ಮರಳು ಕೆಡುವುದಿಲ್ಲ. ತೀರಕ್ಕೆ ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬವಾಗಿ ಕೂರುತ್ತದೆ. ದೊಡ್ಡ ತೆರೆಗಳು ಆ ದಿಬ್ಬಕ್ಕೇ ತಾಗಿ ಮುರಿಯುವುದರಿಂದ ಕಡಲು ಒಯ್ದ ಮರಳೇ ದಡವನ್ನು ಕಾಯುತ್ತದೆ! ಮಳೆಗಾಲ ಕಳೆದ ಮೇಲೆ ಬರುವ ಉದ್ದವಾದ ಮೆಲುತೆರೆಗಳು ಅದನ್ನು ಸ್ವಲ್ಪಸ್ವಲ್ಪವಾಗಿ ದಡಕ್ಕೆ ತಂದು ಸೇರಿಸುತ್ತವೆ. ಆದಕಾರಣ ಆಟಿ ತಿಂಗಳಲ್ಲಿ ಕಡಲನ್ನು ನೋಡಿ ಊರು ಮುಳುಗಿತೆಂದು ಹೇಳುವುದು ಆತುರದ ಮಾತು.

ಆದರೆ ಹೀಗೆ ಹೋಗಿ ಬರುವಾಗ ಆಗುವ ನಷ್ಟವನ್ನು ತುಂಬತಕ್ಕವು ಬಹುಮಟ್ಟಿಗೆ ಹೊಳೆಗಳು. ನೇತ್ರಾವತಿಯೂ ಗುರುಪುರ ಹೊಳೆಯೂ ಘಟ್ಟದಿಂದ ಮರಳನ್ನು ಹೊತ್ತು ತಂದು ಒಂದೇ ಅಳಿವೆಯಲ್ಲಿ ಕಡಲಿಗೆ ಒಪ್ಪಿಸುತ್ತವೆ. ಈಗ ದಾರಿಯಲ್ಲಿ ಅಣೆಕಟ್ಟುಗಳು ಆ ಮರಳನ್ನು ತಡೆಯುತ್ತವೆ. ಹೊಳೆಯ ಪಾತ್ರದಿಂದ ನಾವೂ ದೋಣಿಗಟ್ಟಲೆ ತೆಗೆದಿದ್ದೇವೆ. ಕಡಲಿಗೆ ಸಲ್ಲಬೇಕಾದ ಮರಳಿನಲ್ಲಿ ಒಂದು ಪಾಲು ನಮ್ಮ ಮನೆಯ ಗೋಡೆಯೊಳಗೇ ಇದೆಯೆಂದರೆ ತಪ್ಪಾಗದು. ಇದಲ್ಲದೆ, ಮೀನುಗಾರರ ದೋಣಿಗಳು ನಿರ್ಭಯವಾಗಿ ಒಳಹೊರಗೆ ಹೋಗಲೆಂದು ಅಳಿವೆಯ ಎರಡು ಪಕ್ಕದಲ್ಲಿಯೂ ಕಡಲೊಳಗೆ ಕಲ್ಲಿನ ದಂಡೆಗಳನ್ನು ಚಾಚಿದರು. ಅಳಿವೆಯಲ್ಲಿ ದೋಣಿ ಮಗುಚಿ ಸತ್ತವರ ಮನೆಯವರು ಇದನ್ನು ಬೇಡವೆನ್ನಲಾರರು. ಆದರೆ ತೀರದ ಗುಂಟ ಸಾಗುವ ಮರಳಿಗೂ ಆ ದಂಡೆಗಳೇ ಅಡ್ಡವಾದವು. ಒಂದು ಬದಿಯಲ್ಲಿ ಮರಳು ನಿಂತರೆ ಇನ್ನೊಂದು ಬದಿಯ ಊರು ಬಡವಾಗುತ್ತದೆ.

ಕೊರೆತ ಕಂಡಲ್ಲಿ ಬಂಡೆಗಳನ್ನು ತಂದು ರಾಶಿ ಹಾಕುವುದು ನಮ್ಮ ವಾಡಿಕೆ. ಅದರ ಹಿಂದಿನ ಮನೆಯೇನೋ ಕೆಲವು ಕಾಲ ಉಳಿದೀತು. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಲ್ಲಿ ಕಡಲು, ಮತ್ತೊಂದರಲ್ಲಿ ಸೌಪರ್ಣಿಕಾ ಹೊಳೆ ಇರುವುದರಿಂದ ಬೇರೆ ಉಪಾಯವೂ ಕಷ್ಟ. ಆದರೆ ಗೋಡೆಗೆ ಬಡಿದ ತೆರೆ ಕಸುವು ಕಳೆದುಕೊಳ್ಳದೆ ಹಿಂದಿರುಗಿ ಗೋಡೆಯ ಬುಡವನ್ನೇ ತೋಡುತ್ತದೆ. ಗೋಡೆ ಮುಗಿಯುವಲ್ಲಿ ನೆರೆಮನೆಯ ತೆಂಗುಗಳು ಉರುಳುತ್ತವೆ. ಉಳ್ಳಾಲದಲ್ಲಿ ತೀರದಿಂದ ದೂರಕ್ಕೆ ನೀರೊಳಗೆ ಕಲ್ಲಿನ ದಿಬ್ಬಗಳನ್ನು ಕಟ್ಟಿ ತೆರೆಯನ್ನು ಅಲ್ಲಿಯೇ ಮುರಿಯುವ ಕೆಲಸ ಮಾಡಿದ್ದು, ಕಡಲಿನ ಮರಳದಿಬ್ಬದಿಂದ ಕಲಿತ ಪಾಠವೇ ಸರಿ.

ಇದರ ಮೇಲೆ ಸಮುದ್ರದ ಮಟ್ಟವೇ ಏರುತ್ತಿದೆ. ಲೋಕದ ಸರಾಸರಿಯಲ್ಲಿ 1901ರಿಂದ 2018ರೊಳಗೆ ಅದು ಸುಮಾರು 20 ಸೆಂಟಿಮೀಟರು ಏರಿತು. ಒಂದು ಗೇಣೇ ಅಲ್ಲವೇ ಎನ್ನಬಾರದು. ಇಳಿಜಾರು ಕಡಿಮೆಯಾದ ಮರಳತೀರದಲ್ಲಿ ಗೇಣು ನೀರು ಎಷ್ಟೋ ಮಾರು ಒಳಗೆ ಬರುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ನಮ್ಮ ತೀರದ ಎದುರಿನಿಂದ ಗುಜರಾತಿನ ಕಡೆಗೆ ಹಾದುಹೋದಾಗ, ಮಳೆಗಾಲಕ್ಕೆ ಮುಂಚೆಯೇ ಮನೆಗಳೂ ರಸ್ತೆಗಳೂ ಕೊಚ್ಚಿಹೋದವು.

ಕಡಲ ಸಮೀಪದಲ್ಲಿ ಮನೆಯುಳ್ಳ ನಮ್ಮ ವಾಚಕರು ಒಂದು ಕೆಲಸ ಮಾಡಬಹುದು. ಮಕ್ಕಳನ್ನು ಕರೆದುಕೊಂಡು ಪ್ರತಿ ಫೆಬ್ರವರಿಯ ಹುಣ್ಣಿಮೆಯ ಭರತದಲ್ಲಿ, ಕಡಲು ಮರಳನ್ನು ತಿರುಗಿ ತಂದಿರಬೇಕಾದ ಆ ಕಾಲದಲ್ಲಿ, ಗುರುತಿನ ಒಂದೇ ಬಾವಿಯಿಂದಲೋ ಮರದಿಂದಲೋ ನೀರಿನ ಅಂಚಿನ ತನಕ ಹೆಜ್ಜೆ ಎಣಿಸಿ, ಇಸವಿಯೊಡನೆ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ.