ಕಾಕನಕೋಟೆ ಸೀಮೆಯ ಮಕ್ಕಳ ಸಂಗೀತ: ಹಾಡಿ, ಶಿಬಿರ ಮತ್ತು ಸಮುದಾಯ ಕೇಂದ್ರ

ಮಕ್ಕಳಿಗೆ ಸಂಗೀತವನ್ನು ಕಲಿಸುವುದಕ್ಕೆ ಎರಡು ಮಾರ್ಗಗಳುಂಟು. ಸಂಗೀತವನ್ನು ಒಂದು ಪ್ರತ್ಯೇಕ ವಿದ್ಯೆಯೆಂದು ಭಾವಿಸಿ, ಹೊತ್ತು ಗೊತ್ತುಮಾಡಿ, ಗುರುಮುಖದಿಂದ ಪಾಠ ಹೇಳಿಸುವುದು ಒಂದು. ಹಾಡು ಸಹಜವಾಗಿ ಹುಟ್ಟುವ ಕೆಲಸ, ಹಬ್ಬ, ಆಟಗಳಲ್ಲಿ ಮಕ್ಕಳನ್ನು ಸೇರಿಸಿಕೊಂಡು ಅವರು ತಾವಾಗಿ ಕಲಿಯುವಂತೆ ಬಿಡುವುದು ಇನ್ನೊಂದು. ಮೊದಲನೆಯದು ಶಾಲೆಯ ಮತ್ತು ಶಿಬಿರದ ಮಾರ್ಗ; ಎರಡನೆಯದು ಹಾಡಿಯ ಮಾರ್ಗ. ಇವೆರಡೂ ಇಂದು ಎದುರುಬದುರಾಗಿ ನಿಂತಿರುವ ಸ್ಥಳಗಳಲ್ಲಿ ಕಾಕನಕೋಟೆಯ ಸೀಮೆ ಮುಖ್ಯವಾದುದು. ಈ ಎರಡನ್ನೂ ಹೇಗೆ ಹೊಂದಿಸಬಹುದೆಂಬುದನ್ನು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಹೆಗ್ಗಡದೇವನಕೋಟೆ ಮತ್ತು ಹುಣಸೂರು ತಾಲ್ಲೂಕುಗಳ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ಮೊದಲಾದವರು ವಾಸಿಸುತ್ತಾರೆ. ಕಾಕನಕೋಟೆಯ ಹೆಸರು ಕನ್ನಡ ನಾಡಿನ ಮಕ್ಕಳಿಗೆ ಅಪರಿಚಿತವಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಕಾಕನಕೋಟೆ’ ನಾಟಕ 1977ರಲ್ಲಿ ಚಲನಚಿತ್ರವಾಯಿತು, ಸಿ. ಅಶ್ವಥ್ ಅವರು ಅದಕ್ಕೆ ಸಂಗೀತವನ್ನಿತ್ತರು. ಅದರೊಳಗಿನ ಸೂರ್ಯೋದಯದ ಸಮೂಹಗೀತೆಯನ್ನು ಅಂದಿನಿಂದ ಶಾಲೆಗಳಲ್ಲಿಯೂ ಶಿಬಿರಗಳಲ್ಲಿಯೂ ಮಕ್ಕಳು ಹಾಡುತ್ತ ಬಂದಿದ್ದಾರೆ. ಗೀತೆ ಸೊಗಸಾದುದು. ಆದರೆ ಅದು ಕವಿಯ ರಚನೆಯೇ ಹೊರತು ಹಾಡಿಯಿಂದ ಬಂದುದಲ್ಲ. ಕಾಕನಕೋಟೆಯ ಹಾಡೆಂದು ನಾಡೆಲ್ಲ ಹಾಡುವುದು ಒಂದು, ಅಲ್ಲಿಯ ಮಕ್ಕಳು ತಮ್ಮ ಅಜ್ಜಿಯ ಬಾಯಿಂದ ಕೇಳುವುದು ಮತ್ತೊಂದು ಎಂಬ ಈ ಭೇದವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಹಾಡಿಯಲ್ಲಿ ಮಗು ಹಾಡನ್ನು ಕಲಿಯುವ ಕ್ರಮವೇನು? ಗುಂಪಿನ ಹಾಡುಗಳಲ್ಲಿ ಒಬ್ಬರು ಮುಂದಾಗಿ ಹೇಳುವುದು, ಉಳಿದವರು ಸೊಲ್ಲು ಕೊಡುವುದು ಸಾಮಾನ್ಯ ರೀತಿ. ಸೊಲ್ಲು ಚಿಕ್ಕದು, ಮತ್ತೆ ಮತ್ತೆ ಬರುವಂಥದು. ಆದುದರಿಂದ ಮಗು ಮೊದಲು ಹಿಡಿಯುವುದು ಅದನ್ನೇ. ಸುತ್ತುಗಟ್ಟಿ ಕುಣಿಯುವಾಗ ದೊಡ್ಡವರ ಕೈಹಿಡಿದು ಹೆಜ್ಜೆಯಿಂದ ಲಯವನ್ನು ಕಲಿಯುತ್ತದೆ. ಕಥೆಯೂ ಪದಗಳೂ ಬಳಿಕ ಬರುತ್ತವೆ. ಇಲ್ಲಿ ವಯಸ್ಸಿಗೆ ತಕ್ಕ ತರಗತಿಯಿಲ್ಲ. ಹಾಡುವವರು ಬೇರೆ, ಕೇಳುವವರು ಬೇರೆ ಎಂಬ ವಿಭಾಗವೂ ಇಲ್ಲ. ವಾದ್ಯವೂ ಹಾಗೆಯೇ. ನೆರೆಯ ಕೊಡಗಿನ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬದಲ್ಲಿ ಸೋರೆಬುರುಡೆ, ಡಬ್ಬ, ಪ್ಲಾಸ್ಟಿಕ್ ಬಾಟಲಿಗಳೆಲ್ಲ ತಾಳವಾದ್ಯಗಳಾಗುತ್ತವೆ. ಇನ್ನು ಹಾಡಿಗೂ ಋತುವಿಗೂ ಇರುವ ಸಂಬಂಧವನ್ನು ಮರೆಯುವಂತಿಲ್ಲ. ಹೆಜ್ಜೇನನ್ನು ಇಳಿಸುವ ಕಾಲಕ್ಕೆ ಒಂದು ಹಾಡು, ಹಬ್ಬಕ್ಕೆ ಇನ್ನೊಂದು, ಮಗುವನ್ನು ಮಲಗಿಸುವುದಕ್ಕೆ ಮತ್ತೊಂದು.

ಈ ಕ್ರಮ ನಿಂತಿದ್ದುದು ಒಂದು ಬಾಳ್ವೆಯ ಮೇಲೆ. ಆ ಬಾಳ್ವೆಯೇ ಕಳೆದ ಅರ್ಧ ಶತಮಾನದಲ್ಲಿ ಬದಲಾಯಿತು. ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು, ಮಾಸ್ತಿಗುಡಿಯ ಸುತ್ತಿನ ಕಾಡು ನೀರಿನಡಿ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಸ್ಥಾಪನೆಯ ಪರಿಣಾಮವಾಗಿ ಅನೇಕ ಕುಟುಂಬಗಳು ಕಾಡಿನಿಂದ ಹೊರಗೆ, ಹುಣಸೂರು ತಾಲ್ಲೂಕಿನ ನಾಗಾಪುರದಂತಹ ಪುನರ್ವಸತಿ ಕೇಂದ್ರಗಳಿಗೆ ಬಂದುವು. ಮಕ್ಕಳು ಆಶ್ರಮಶಾಲೆಗಳಿಗೆ ಸೇರಿದರು. ಆಶ್ರಮಶಾಲೆ ಅಕ್ಷರವನ್ನೂ ಅನ್ನವನ್ನೂ ಕೊಟ್ಟಿತು. ಆ ಉಪಕಾರ ಅಲ್ಪವಲ್ಲ. ಆದರೆ ಹಾಡು ಕಿವಿಗೆ ಬೀಳುವ ಹೊತ್ತು ಸಂಜೆ ಮತ್ತು ರಾತ್ರಿ. ಆ ಹೊತ್ತಿನಲ್ಲಿ ಮಗು ಮನೆಯಲ್ಲಿಲ್ಲದಿದ್ದರೆ ಹಾಡಿನ ಸರಪಣಿಯ ಒಂದು ಕೊಂಡಿ ಕಳಚಿದಂತೆಯೇ ಸರಿ.

ಹೀಗಾಗಿ, ಹಿಂದೆ ಹಾಡಿ ಮಾಡುತ್ತಿದ್ದ ಕೆಲಸದ ಒಂದು ಪಾಲು ಇಂದು ಶಾಲೆ, ಶಿಬಿರ, ಸಮುದಾಯ ಕೇಂದ್ರಗಳ ಮೇಲೆ ಬಿದ್ದಿದೆ. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳಿಗಾಗಿ ಶಾಲೆಯನ್ನು ನಡೆಸುತ್ತಿದೆ. ಮೈಸೂರಿನಲ್ಲಿ, ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣವು ಬೇಸಗೆಯ ರಜೆಯಲ್ಲಿ ‘ಚಿಣ್ಣರ ಮೇಳ’ವನ್ನು ನಡೆಸಿಕೊಂಡು ಬಂದಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದೀಚೆಗೆ ಮಕ್ಕಳನ್ನು ಹೆಚ್ಚಾಗಿ ಬರಮಾಡಿಕೊಂಡು, ಅರಿವು ಕೇಂದ್ರಗಳೆಂದು ಕರೆಸಿಕೊಳ್ಳುತ್ತಿವೆ. ಇವೆಲ್ಲಕ್ಕಿಂತ ವಿಶಿಷ್ಟವಾದ ಶಿಬಿರ ಮತ್ತೊಂದುಂಟು. ದಸರೆಯ ಆನೆಗಳು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಮೈಸೂರಿಗೆ ಬಂದಾಗ ಮಾವುತರ, ಕಾವಾಡಿಗಳ ಕುಟುಂಬಗಳೂ ಬಂದು ಅರಮನೆಯ ಆವರಣದಲ್ಲಿ ಬಿಡಾರ ಹೂಡುತ್ತವೆ. ಅವರ ಮಕ್ಕಳಿಗಾಗಿ ಅಲ್ಲಿ ಟೆಂಟ್ ಶಾಲೆ ನಡೆಯುತ್ತದೆ. ಈ ಶಿಬಿರದಲ್ಲಿ ತಂದೆತಾಯಿಗಳೂ ಮಕ್ಕಳೂ ಒಂದೇ ಅಂಗಳದಲ್ಲಿರುತ್ತಾರೆ. ಹಿರಿಯರು ಹಾಡಿ, ಕಿರಿಯರು ಸೊಲ್ಲು ಕೊಡುವುದಕ್ಕೆ ಇದಕ್ಕಿಂತ ಅನುಕೂಲವಾದ ಸನ್ನಿವೇಶ ನಗರದಲ್ಲಿ ದೊರೆಯದು.

ಶಿಬಿರದ ಮಾರ್ಗಕ್ಕೆ ತನ್ನದೇ ಆದ ಗುಣವಿದೆ. ಅಂಜುವ ಮಗುವಿಗೆ ಅದು ಧೈರ್ಯ ಕೊಡುತ್ತದೆ. ಬೇರೆ ಊರಿನ ಮಕ್ಕಳ ಸ್ನೇಹವನ್ನೂ ಹೊಸ ಹಾಡುಗಳನ್ನೂ ಒದಗಿಸುತ್ತದೆ. ಅದರ ಕೊರತೆ ಇರುವುದು ಕಡೆಯ ದಿನದ ಪ್ರದರ್ಶನದ ಮೇಲಿನ ಲಕ್ಷ್ಯದಲ್ಲಿ. ವೇದಿಕೆಗೆ ಒಪ್ಪುವ ಹಾಡನ್ನು ಮಾತ್ರ ಆರಿಸಿ, ಸಮವಯಸ್ಕರಿಗೆ ಬಾಯಿಪಾಠ ಮಾಡಿಸಿದರೆ, ಹಾಡಿಯ ಮಗು ತನ್ನ ಮನೆಯ ಹಾಡು ಹಾಡೇ ಅಲ್ಲವೆಂಬ ಭಾವನೆಯನ್ನು ಹೊತ್ತು ಹಿಂದಿರುಗುತ್ತದೆ. ಹಂಗೆರಿ ದೇಶದ ಸಂಗೀತಜ್ಞ ಜೋಲ್ತಾನ್ ಕೊಡಾಯ್ (1882–1967) ಈ ಅಪಾಯವನ್ನು ತಮ್ಮ ನಾಡಿನಲ್ಲಿ ಕಂಡವರು. ಮಾತಿಗೆ ಹೇಗೋ ಹಾಗೆ ಸಂಗೀತಕ್ಕೂ ತಾಯ್ನುಡಿಯೊಂದುಂಟು, ಮಗುವಿನ ಶಿಕ್ಷಣ ಅಲ್ಲಿಂದಲೇ ಆರಂಭವಾಗತಕ್ಕದ್ದು ಎಂಬುದು ಅವರ ಸಿದ್ಧಾಂತದ ತಿರುಳು. ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿ ಶಾಲೆಯ ಪಾಠಕ್ರಮಕ್ಕೆ ತಳಹದಿಯಾಗಿ ಅವರು ಇಟ್ಟರು. ಜೇನುಕುರುಬರ ನುಡಿ ಕನ್ನಡಕ್ಕೆ ಹತ್ತಿರವಾದುದಾದರೂ ತನ್ನದೇ ಆದ ಜಾಡನ್ನು ಉಳ್ಳದ್ದು. ಆದಕಾರಣ ಈ ಮಾತು ನಮ್ಮ ಸೀಮೆಗೂ ಒಪ್ಪುತ್ತದೆ.

ಇಷ್ಟರಿಂದ ಕೆಲವು ಸೂಚನೆಗಳು ಹೊರಡುತ್ತವೆ. ಮೊದಲನೆಯದಾಗಿ, ಶಿಬಿರ ಪಟ್ಟಣದಲ್ಲಿ ಮಾತ್ರ ನಡೆಯದೆ ಹಾಡಿಯ ಸಮುದಾಯ ಭವನದಲ್ಲಿಯೂ ಸಂಜೆಯ ಹೊತ್ತು ನಡೆಯಬೇಕು. ಎರಡನೆಯದಾಗಿ, ಹಾಡಬಲ್ಲ ಹಿರಿಯರನ್ನು ಅತಿಥಿಗಳೆಂದು ಒಂದು ದಿನ ಕರೆದು ಕಳುಹಿಸದೆ, ಗುರುಗಳೆಂದು ಗೌರವಧನ ಕೊಟ್ಟು ಉಳಿಸಿಕೊಳ್ಳಬೇಕು. ಮೂರನೆಯದಾಗಿ, ಮಕ್ಕಳನ್ನು ವಯಸ್ಸಿನಿಂದ ವಿಂಗಡಿಸದೆ ದೊಡ್ಡವರೊಡನೆ ಒಂದೇ ಸುತ್ತಿನಲ್ಲಿ ನಿಲ್ಲಿಸಬೇಕು. ಸೊಲ್ಲಿನಿಂದ ಆರಂಭಿಸಿ ಕಥೆಗೆ ಹೋಗಬೇಕು. ನಾಲ್ಕನೆಯದಾಗಿ, ಹಾಡುಗಳನ್ನು ಧ್ವನಿಮುದ್ರಿಸುವುದಾದರೆ ಹಾಡಿಯವರ ಒಪ್ಪಿಗೆ ಪಡೆದು, ಒಂದು ಪ್ರತಿಯನ್ನು ಹತ್ತಿರದ ಅರಿವು ಕೇಂದ್ರದಲ್ಲಿ ಮಕ್ಕಳ ಕೈಗೆ ಸಿಗುವಂತೆ ಇಡಬೇಕು. ದೇವರಿಗೆ, ಸಾವಿಗೆ ಸಂಬಂಧಿಸಿದ ಹಾಡುಗಳನ್ನು ಎಲ್ಲಿ ಹಾಡಬಹುದು, ಎಲ್ಲಿ ಕೂಡದು ಎಂಬ ತೀರ್ಮಾನ ಹಿರಿಯರಿಗೇ ಸೇರಿದ್ದು.

ಇವುಗಳಿಗೆ ಬೇಕಾದ ಹಣ ಹೆಚ್ಚಿನದಲ್ಲ. ಬೇಕಾದ ಕಾಲ ಮಾತ್ರ ಮಿತವಾದುದು. ಕಾಡಿನೊಳಗೆ ಹುಟ್ಟಿ, ಅಲ್ಲಿಯೇ ಹಾಡು ಕಲಿತ ಪೀಳಿಗೆ ಈಗ ವೃದ್ಧಾಪ್ಯದಲ್ಲಿದೆ. ಆ ಕಂಠಗಳಿಗೆ ಸೊಲ್ಲು ಕೊಡುವ ಮಕ್ಕಳನ್ನು ಅವರ ಬಳಿ ಕೂರಿಸುವುದು ಶಿಬಿರಗಳ ಮತ್ತು ಸಮುದಾಯ ಕೇಂದ್ರಗಳ ಮೊದಲ ಕರ್ತವ್ಯವೆನ್ನಬಹುದು.